ಲೇಸು ಸೈಕಲ್ಲು, ಕೆಟ್ಟಿ ಸೈಕಲ್ಲು

2022ರ ಜೂನ್ ತಿಂಗಳು. ಕೊಯಮತ್ತೂರಿನ ಹೊರವಲಯದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿದ್ದೆ. ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ನಮ್ಮ ವಿಭಾಗದ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಎರಕದ ಕವಚ, ಶಾಫ್ಟು, ಬೋಲ್ಟು, ಏನೇ ಬರಲಿ, ಅದನ್ನು ಎಳೆದು, ಒತ್ತಿ, ಅಳೆದು, ಗಟ್ಟಿಯೋ ಅಲ್ಲವೋ ಎಂದು ಬರೆದು ಸಹಿ ಹಾಕುವುದು. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಅದನ್ನೇ. ಅಂಥವನು ಎರಡು ಸೈಕಲ್ಲುಗಳಲ್ಲಿ ಗಟ್ಟಿಯಾದದ್ದು ಯಾವುದೆಂದು ಆರಿಸಲು ಹೋಗಿ ಮಾಡಿಕೊಂಡ ಫಜೀತಿಯನ್ನು ಇಲ್ಲಿ ಹೇಳುತ್ತಿದ್ದೇನೆ. ಹೇಳಿಕೊಳ್ಳಲು ಇವತ್ತಿಗೂ ಸ್ವಲ್ಪ ನಾಚಿಕೆಯೇ.

ನಮ್ಮ ಕಾರ್ಖಾನೆಯ ವೈಂಡಿಂಗ್ ವಿಭಾಗದಲ್ಲಿ, ಅಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕಡೆ, ಸೌಡೇಶ್ವರಿ ಎಂಬ ಮೂವತ್ತೊಂದು ವರ್ಷದ ಹೆಣ್ಣುಮಗಳು ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಳು. ತಲೆಮಾರುಗಳ ಹಿಂದೆಯೇ ಇಲ್ಲಿ ಬಂದು ನೆಲೆಸಿದ ನೇಕಾರರ ಮನೆತನ. ನಾನು ಕರ್ನಾಟಕದವನು ಎಂದು ಯಾರೋ ಹೇಳಿದ್ದೇ ತಡ, ಊಟದ ಬಿಡುವಿನಲ್ಲಿ ನಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು.

"ಸಾರ್ ಕನ್ನಡದವರಾ? ನಾವೂ ಮನೇಲಿ ಕನ್ನಡ ತಾನೆ ಪೇಸೋದು!"

ನನಗೆ ಹಿಗ್ಗೋ ಹಿಗ್ಗು. ಆದರೆ ಹಿಗ್ಗಿನ ಹಿಂದೆಯೇ ನನ್ನ ಹುಟ್ಟುಗುಣವೂ ಹೊರಬಂತು. "ಪೇಸೋದಲ್ಲಮ್ಮ, ಮಾತಾಡೋದು. ಸೌಡೇಶ್ವರಿಯೂ ಅಲ್ಲ, ಚೌಡೇಶ್ವರಿ," ಎಂದು ತಿದ್ದಿದೆ.

"ಅಜ್ಜಿ ಕಾಲದಿಂದ ಸೌಡೇಶ್ವರಿ ತಾನೆ ಸಾರ್," ಎಂದು ನಕ್ಕಳು. ಅವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪರವಾಗಿಲ್ಲ, ನನ್ನ ಹತ್ತಿರ ಇನ್ನು ಮೇಲೆ ಕನ್ನಡವನ್ನೇ ಆಡಬೇಕು, ತಮಿಳೂ ಬೇಡ ಇಂಗ್ಲಿಷೂ ಬೇಡ ಎಂದು ಅಪ್ಪಣೆ ಕೊಟ್ಟೆ. ಮುಂದೆ ನಡೆದದ್ದಕ್ಕೆಲ್ಲ ಈ ಅಪ್ಪಣೆಯೇ ಮೂಲ.

ಸೌಡೇಶ್ವರಿ ಶಾಲಾ ದಿನಗಳಲ್ಲಿ ಜಿಲ್ಲಾ ಮಟ್ಟದ ಸೈಕಲ್ ಓಟಗಾರ್ತಿ. ಈಗಲೂ ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ಸೈಕಲ್ಲಿನಲ್ಲೇ ಕೆಲಸಕ್ಕೆ ಬರುತ್ತಿದ್ದಳು. ಆ ವರ್ಷ ಜುಲೈ ಕೊನೆಯ ಭಾನುವಾರ ಕಾರ್ಖಾನೆಗಳ ನಡುವಿನ ಕ್ರೀಡಾಕೂಟದಲ್ಲಿ ಹೆಂಗಸರ ರಸ್ತೆ ಸೈಕಲ್ ಓಟವಿತ್ತು. ಕಾಂಗೇಯದಿಂದ ವೆಳ್ಳಕೋಯಿಲ್‌ಗೆ ಹೋಗಿ ವಾಪಸ್ಸು, ಸುಮಾರು ನಲವತ್ತು ಕಿಲೋಮೀಟರ್. ಮೊದಲ ಮೂವರಲ್ಲಿ ಬಂದರೆ ಕ್ರೀಡಾ ವರ್ಗದಲ್ಲಿ ನೌಕರಿ ಕಾಯಂ ಮಾಡುವುದಾಗಿ ನಮ್ಮ ಜನರಲ್ ಮ್ಯಾನೇಜರ್ ಹೇಳಿದ್ದರು. ಅದೇ ಹೊತ್ತಿಗೆ ತಂತಿ ಸುತ್ತಲು ಹೊಸ ಯಂತ್ರ ಬರುವುದಿತ್ತು. ಆಗಸ್ಟಿನಿಂದ ಗುತ್ತಿಗೆಯವರನ್ನು ಮುಂದುವರಿಸುವುದಿಲ್ಲ ಎಂದು ಸೂಚನಾ ಫಲಕದಲ್ಲಿ ಹಾಕಿಯೂ ಆಗಿತ್ತು. ಆರು ವರ್ಷ ದುಡಿದವಳ ಪಾಲಿಗೆ ಉಳಿದದ್ದು ಆ ನಲವತ್ತು ಕಿಲೋಮೀಟರ್ ಮಾತ್ರ.

ಸೈಕಲ್ಲಿಗಾಗಿ ಕಂಪನಿ ಮಂಜೂರು ಮಾಡಿದ್ದು ಮೂವತ್ತು ಸಾವಿರ. ಒಂದೇ ಸೈಕಲ್, ಮತ್ತೊಂದನ್ನು ಕೇಳುವಂತಿಲ್ಲ. ಅಭ್ಯಾಸಕ್ಕೂ ಓಟಕ್ಕೂ ದಿನನಿತ್ಯದ ಓಡಾಟಕ್ಕೂ ಅದೇ ಬಾಳಿಕೆ ಬರಬೇಕು. ಬಾಳಿಕೆ ಎಂಬ ಪದ ಬಂದದ್ದರಿಂದ ಕಡತ ನನ್ನ ಮೇಜಿಗೆ ಬಂತು.

ಗೊಂದಲ ಮೊದಲ ದಿನವೇ ಶುರುವಾಯಿತು. ಬೇಡಿಕೆ ಪತ್ರದಲ್ಲಿ 'ರೋಡ್ ಬೈಕ್' ಎಂದಿದ್ದನ್ನು ನೋಡಿ ಉಗ್ರಾಣದ ಮುಖ್ಯಸ್ಥ ಸೆಲ್ವರಾಜ್, ಮೂವತ್ತು ಸಾವಿರಕ್ಕೆ ಯಾವ ಮೋಟಾರ್ ಬೈಕ್ ಬರುತ್ತದೆ, ಇನ್ಶೂರೆನ್ಸ್ ಯಾರ ಹೆಸರಿಗೆ ಎಂದು ಪ್ರಶ್ನೆ ಬರೆದು ವಾಪಸ್ಸು ಕಳಿಸಿದರು. ರೋಡ್ ಬೈಕ್ ಎಂದರೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ, ಸಪೂರ ಟೈರಿನ ಸೈಕಲ್ಲು ಎಂದು ನಾನು ವಿವರಣೆ ಬರೆದೆ. ನಿಜ ಹೇಳಬೇಕೆಂದರೆ ನನಗೂ ಅದು ಗೊತ್ತಾದದ್ದು ಹಿಂದಿನ ದಿನ.

ಆಮೇಲೆ ಅಂಗಡಿಗಳ ಸುತ್ತಾಟ. ಒಂದು ಕಡೆ, ಅಲ್ಯೂಮಿನಿಯಂ ಫ್ರೇಮ್ ಬಿಟ್ಟು ಬೇರೆ ನೋಡಲೇಬೇಡಿ ಎಂದರು. ಇನ್ನೊಂದು ಕಡೆ, ಫ್ರೇಮು ಹಾಳಾಗಿಹೋಗಲಿ, ಗ್ರೂಪ್‌ಸೆಟ್ ನೋಡಿ ಎಂದರು. ಗ್ರೂಪ್‌ಸೆಟ್ ಎಂದರೆ ಗೇರು, ಚೈನು, ಬ್ರೇಕುಗಳ ಒಟ್ಟು ಜೋಡಣೆಯಂತೆ. ಮೂರನೆಯವನು ಎರಡನ್ನೂ ಬದಿಗೊತ್ತಿ, ಟೈರು ಇಪ್ಪತ್ತೈದು ಮಿಲಿಮೀಟರೋ ಇಪ್ಪತ್ತೆಂಟೋ ಎಂಬುದರಲ್ಲೇ ಎಲ್ಲ ಇದೆ ಎಂದ. ಒಬ್ಬೊಬ್ಬರೂ ಹೇಳುವಾಗ ಸರಿ ಅನ್ನಿಸುತ್ತಿತ್ತು, ಹೊರಗೆ ಬಂದಾಗ ಏನೂ ಉಳಿಯುತ್ತಿರಲಿಲ್ಲ. ಎರಡು ವಾರ ಹೀಗೇ ಕಳೆದವು.

ಕೊನೆಗೆ ಸೌಡೇಶ್ವರಿಯೇ ದಾರಿ ತೋರಿದಳು. ಅವಳ ತಾಯಿಯ ತಮ್ಮ ರಂಗಸಾಮಿಯವರದು ಉಕ್ಕಡಂನ ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ. ಮಗ್ಗ ಬಿಟ್ಟು ಸೈಕಲ್ ಹಿಡಿದು ಮೂವತ್ತೈದು ವರ್ಷವಾದ ಮನುಷ್ಯ. ಅವರ ಬಳಿ ನಮ್ಮ ಬೆಲೆಗೆ ಹೊಂದುವ ಎರಡು ಹಳೆಯ ರೋಡ್ ಬೈಕುಗಳಿದ್ದವು. ಒಂದು ನೀಲಿ, ಅಲ್ಯೂಮಿನಿಯಂ, ನೋಡಲು ಹೊಸದರಂತೆ ಫಳಫಳ. ಇನ್ನೊಂದು ಕೆಂಪು, ಉಕ್ಕಿನದು, ಅಲ್ಲಲ್ಲಿ ಬಣ್ಣ ಎದ್ದುಹೋದದ್ದು. ಎರಡನ್ನೂ ಪರೀಕ್ಷೆಗೆಂದು ಶನಿವಾರ ಲ್ಯಾಬಿಗೆ ತರಿಸಿದೆ.

ಇಡೀ ದಿನ ಅವುಗಳ ಜೊತೆ ಕಳೆದೆ. ನೀಲಿಯ ತೂಕ ಒಂಬತ್ತು ಕಿಲೋ ಆರುನೂರು ಗ್ರಾಂ, ಕೆಂಪಿನದು ಹನ್ನೆರಡು ಕಿಲೋ ನೂರು. ಕೊಳವೆಗಳ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆದೆ. ಬೆಸುಗೆಗಳಿಗೆ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿದೆ. ಕೆಂಪು ದ್ರವ ಹಚ್ಚಿ ಒರೆಸಿ ಮೇಲೆ ಬಿಳಿ ಪುಡಿ ಸಿಂಪಡಿಸಿದರೆ, ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಎರಡರಲ್ಲೂ ಬಿರುಕಿರಲಿಲ್ಲ. ಆದರೆ ನನ್ನ ಲೆಕ್ಕವೆಲ್ಲ ಕೆಂಪಿನ ಕಡೆಗೇ ವಾಲುತ್ತಿತ್ತು. ಒಂದು ಮಿತಿಯೊಳಗಿನ ಪೆಟ್ಟು ಎಷ್ಟು ಸಲ ಬಿದ್ದರೂ ಉಕ್ಕು ಅದನ್ನು ಮರೆತುಬಿಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಸಣ್ಣ ಪೆಟ್ಟನ್ನೂ ನೆನಪಿಟ್ಟುಕೊಂಡು ಒಂದು ದಿನ ಒಟ್ಟಿಗೇ ಸೇಡು ತೀರಿಸಿಕೊಳ್ಳುತ್ತದೆ. ಇದಕ್ಕೆ ಫಟೀಗ್ ಎನ್ನುತ್ತಾರೆ. ಆ ನೀಲಿ ಎಷ್ಟು ಪೆಟ್ಟು ತಿಂದಿತ್ತೋ ಯಾರಿಗೆ ಗೊತ್ತು? ಕೆಂಪನ್ನೇ ಆರಿಸುವುದೆಂದು ಮನಸ್ಸಿನಲ್ಲಿ ಮುಕ್ಕಾಲುಪಾಲು ತೀರ್ಮಾನವಾಗಿತ್ತು.

ಸೋಮವಾರ ರಂಗಸಾಮಿ ಬಂದರು. ಅವರ ಅಭಿಪ್ರಾಯ ಕೇಳದೆ ಬರೆಯುವುದು ಸರಿಯಲ್ಲವೆಂದು ಕೇಳಿದೆ. "ಕನ್ನಡದಲ್ಲೇ ಹೇಳಿ ರಂಗಸಾಮಿಯವರೇ, ಸಂಕೋಚ ಬೇಡ," ಎಂದೂ ಸೇರಿಸಿದೆ.

ಅವರು ನೀಲಿ ಸೈಕಲ್ಲನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದರು. "ಇದು ಲೇಸು ಸಾರ್."

ಲೇಸು! ನನಗೆ ರೋಮಾಂಚನವಾಯಿತು. ನಮ್ಮ ಕಡೆ ಪುಸ್ತಕದಲ್ಲಷ್ಟೇ ಉಳಿದಿರುವ ಪದ. ಒಳ್ಳೆಯದು ಎನ್ನುವುದಕ್ಕೆ ಲೇಸು ಎನ್ನುವವರು ದಾವಣಗೆರೆಯ ಪೇಟೆಯಲ್ಲಿ ಯಾರಿದ್ದಾರೆ? ಇಲ್ಲಿ, ಬಸ್ ನಿಲ್ದಾಣದ ಹಿಂದೆ ಪಂಕ್ಚರ್ ಹಾಕುವ ಮನುಷ್ಯನ ಬಾಯಲ್ಲಿ ಅದು ಜೀವಂತವಾಗಿದೆ! ಆ ಸಂಜೆ ಹೆಂಡತಿಗೆ ಫೋನ್ ಮಾಡಿ ಇದನ್ನೇ ಅರ್ಧ ಗಂಟೆ ಕೊರೆದೆ.

ರಂಗಸಾಮಿ ಆಮೇಲೆ ಕೆಂಪು ಸೈಕಲ್ಲಿನ ಕೊಳವೆಯನ್ನು ಬೆರಳ ಗೆಣ್ಣಿನಿಂದ ಬಡಿದರು. "ಇದು ರೊಂಬ ಕೆಟ್ಟಿ ಅದೆ ಸಾರ್. ಇಷ್ಟು ಕೆಟ್ಟೀನ ಈಗ ಯಾರೂ ಮಾಡೋದೇ ಇಲ್ಲ."

ನಾನು ಕಣ್ಣು ಕಣ್ಣು ಬಿಟ್ಟೆ. "ಕೆಟ್ಟಿದೆಯಾ?"

"ಕೆಟ್ಟಿ ಅದೆ ಸಾರ್."

"ಎಲ್ಲಿ ಕೆಟ್ಟಿದೆ?"

"ಎಲ್ಲಾ ಕಡೇನೂ ಕೆಟ್ಟಿ ತಾನೆ ಸಾರ್. ಜಾಯಿಂಟು, ಫೋರ್ಕು, ಒಂದು ಜಾಗ ಬಿಡ್ದಂಗೆ."

ಯಂತ್ರಗಳಿಗೆ ಕಾಣದ ದೋಷ ಈ ಮನುಷ್ಯನ ಗೆಣ್ಣಿಗೆ ಕೇಳಿಸಿತೇ? ನನ್ನ ಗೇಜು ಸುಳ್ಳೋ, ನನ್ನ ಲೆಕ್ಕ ಸುಳ್ಳೋ? ತನ್ನದೇ ಅಂಗಡಿಯ ಮಾಲನ್ನು ಕೆಟ್ಟಿದೆ ಎಂದು ಇಷ್ಟು ಸಂತೋಷದಿಂದ ಹೇಳುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಎಂಥ ಪ್ರಾಮಾಣಿಕತೆ ಅನ್ನಿಸಿತು. "ಹಾಗಾದರೆ ಲೇಸಾದದ್ದನ್ನೇ ತಗೊಳ್ಳೋಣ," ಎಂದೆ.

ರಂಗಸಾಮಿ ಕೆಂಪಿನ ಕಡೆ ನೋಡಿದರು. "ಲೇಸೇ ಸಾಕಾ ಸಾರ್? ದಿನಾ ಓಡ್ಸೋ ಹುಡುಗಿ..."

"ಲೇಸಾದದ್ದಕ್ಕಿಂತ ಇನ್ನೇನು ಬೇಕು?"

"ಸರೀಂಗ ಸಾರ್," ಎಂದು ತಲೆ ತಗ್ಗಿಸಿದರು.

ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ. ಯಾರಾದರೂ ಹೇಳಿದ್ದನ್ನು ಬರೆದುಕೊಂಡರೆ ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ನಾನು ಅದನ್ನೂ ಬಿಡಲಿಲ್ಲ. ಡೈರಿಯಲ್ಲಿ ಬರೆದು ಗಟ್ಟಿಯಾಗಿ ಓದಿದೆ: "ನೀಲಿ, ಲೇಸು. ಕೆಂಪು, ಕೆಟ್ಟಿದೆ. ಸರಿಯಾ?" ರಂಗಸಾಮಿ, "ಆಮಾ ಸಾರ್, ಅಷ್ಟೇ," ಎಂದರು. ಯಂತ್ರಕ್ಕಿಂತ ಅನುಭವಕ್ಕೆ ಮಣಿದೆನಲ್ಲ ಎಂದು ನನ್ನ ವಿನಯದ ಬಗ್ಗೆ ನನಗೇ ಹೆಮ್ಮೆಯಾಯಿತು. ವರದಿಯಲ್ಲಿ ನೀಲಿಯನ್ನು ಸ್ವೀಕೃತ ಎಂದೂ ಕೆಂಪನ್ನು ದೋಷಯುಕ್ತ, ತಿರಸ್ಕೃತ ಎಂದೂ ಬರೆದು ಸಹಿ ಹಾಕಿದೆ.

ಸೌಡೇಶ್ವರಿ ನೀಲಿ ಸೈಕಲ್ಲಿನಲ್ಲಿ ಅಭ್ಯಾಸ ಶುರುಮಾಡಿದಳು. ಮೊದಲ ವಾರಗಳಲ್ಲಿ ಅದು ಗಾಳಿಯಂತೆ ಹೋಗುತ್ತಿತ್ತು. ಆದರೂ ಅವಳ ಮುಖದಲ್ಲಿ ಏನೋ ಅಳುಕು. ಏನೆಂದು ಕೇಳಿದಾಗ, "ಏನಿಲ್ಲ ಸಾರ್, ರೊಂಬ ಲೇಸಾಗಿ ಅದೆ, ಅದಕ್ಕೇ ಭಯ," ಎಂದಳು. ಬಹಳ ಒಳ್ಳೆಯದಾಗಿದೆ, ಅದಕ್ಕೇ ಭಯ ಎಂದರೆ ಏನರ್ಥ? ಹೆಣ್ಣುಮಗಳು ಒಳ್ಳೆಯ ವಸ್ತುವನ್ನು ಜೋಪಾನ ಮಾಡಲು ಹೆದರುತ್ತಿದ್ದಾಳೆ ಎಂದು ಅರ್ಥ ಮಾಡಿಕೊಂಡು, ಧೈರ್ಯವಾಗಿ ಓಡಿಸು ಎಂದು ಬೆನ್ನು ತಟ್ಟಿದೆ.

ಓಟಕ್ಕೆ ಹನ್ನೆರಡು ದಿನ ಉಳಿದಿದ್ದಾಗ, ಬೆಳಗಿನ ಪಾಳಿಗೆ ಬರುತ್ತ ಒಂದು ರಸ್ತೆ ಉಬ್ಬಿನ ಮೇಲೆ ಹ್ಯಾಂಡಲ್ಲಿನ ಕೆಳಗಿನ ಬೆಸುಗೆ ಬಾಯಿ ಬಿಟ್ಟಿತು. ಸೌಡೇಶ್ವರಿ ಬಿದ್ದಳು. ಮೊಣಕೈ ತರಚಿ ಎರಡು ಹೊಲಿಗೆ ಬಿತ್ತು. ತಲೆಗೆ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಸೈಕಲ್ಲನ್ನು ತಳ್ಳಿಕೊಂಡು ಬಂದು ಲ್ಯಾಬಿನ ಮುಂದೆ ನಿಲ್ಲಿಸಿದಳು. ಅತ್ತಿರಲಿಲ್ಲ. "ಇನ್ನು ಮುಗೀತು ಸಾರ್," ಎಂದಳಷ್ಟೆ. ಆ ಮಾತು ಕೇಳಿ ನನಗೆ ರಂಗಸಾಮಿಯ ಮೇಲೆ ಸಿಟ್ಟು ಬಂತು. ಅವಳನ್ನೂ ಆಟೋದಲ್ಲಿ ಕೂರಿಸಿಕೊಂಡು ನೇರ ಉಕ್ಕಡಂಗೆ ಹೋದೆ.

"ಏನ್ರೀ ರಂಗಸಾಮಿ, ಲೇಸು ಅಂತ ನೀವೇ ಅಂದಿರಲ್ಲ!" ಎಂದು ಅಂಗಡಿಯ ಮುಂದೆಯೇ ಕೂಗಾಡಿದೆ.

"ಲೇಸು ಅಂತ ತಾನೆ ಸಾರ್ ನಾನೂ ಹೇಳ್ದೆ!" ಎಂದು ಅವರೂ ದನಿ ಏರಿಸಿದರು.

"ಲೇಸಾಗಿದ್ದರೆ ಮುರಿಯುತ್ತಿತ್ತೇನ್ರೀ?"

"ಲೇಸಾದ್ರೆ ಮುರೀದೆ ಏನಾಗ್ತದೆ ಸಾರ್? ನೀವು ತಾನೆ ಕೆಟ್ಟಿ ಬೇಡ ಅಂದ್ರಿ?"

"ಕೆಟ್ಟಿದ್ದನ್ನು ಯಾರಾದರೂ ತಗೊಳ್ಳುತ್ತಾರಾ?"

"ಕೆಟ್ಟೀನ ಬಿಟ್ಟು ಬೇರೆ ಯಾಕೆ ತಗೋತಾರೆ ಸಾರ್?"

ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದೆವು, ಇಬ್ಬರಿಗೂ ಎದುರಿನವನು ಹುಚ್ಚನಂತೆ ಕಾಣುತ್ತಿದ್ದ. ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನೆರೆದರು. ಅಷ್ಟರಲ್ಲಿ ಸೌಡೇಶ್ವರಿ ನಡುವೆ ಬಂದು ನಿಂತು, "ಮಾವ, ಸುಮ್ಮನಿರು. ಸಾರ್, ನಿಮ್ಮೂರಲ್ಲಿ ಲೇಸು ಅಂದ್ರೆ ಏನು?" ಎಂದು ಕೇಳಿದಳು.

"ಒಳ್ಳೆಯದು ಅಂತ."

"ಕೆಟ್ಟಿ ಅಂದ್ರೆ?"

"ಹಾಳಾದದ್ದು. ಕೆಟ್ಟಿದೆ ಅಂದರೆ ಕೆಟ್ಟುಹೋಗಿದೆ ಅಂತ ತಾನೆ?"

ಅವಳು ಬ್ಯಾಂಡೇಜಿನ ಕೈಯನ್ನು ಹಣೆಗೆ ಒತ್ತಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು. "ಅಯ್ಯೋ ಸಾರ್, ಅದು ತಮಿಳು ತಾನೆ! ಲೇಸು ಅಂದ್ರೆ ಹಗುರ. ಕೆಟ್ಟಿ ಅಂದ್ರೆ ಗಟ್ಟಿ!"

ಮೂರು ವಾರದ ಮಾತುಗಳೆಲ್ಲ ಒಂದೊಂದಾಗಿ ತಲೆಕೆಳಗಾಗಿ ನೆನಪಾದವು. ಇಷ್ಟು ಗಟ್ಟಿಯಾದದ್ದನ್ನು ಈಗ ಯಾರೂ ಮಾಡುವುದಿಲ್ಲ. ಜಾಯಿಂಟು, ಫೋರ್ಕು, ಎಲ್ಲ ಕಡೆಯೂ ಗಟ್ಟಿ. ಬಹಳ ಹಗುರವಾಗಿದೆ, ಅದಕ್ಕೇ ಭಯ. ಎಲ್ಲರೂ ನನಗೆ ಸರಿಯಾಗಿಯೇ ಹೇಳಿದ್ದರು. ತಮಿಳಿನಲ್ಲೇ ಹೇಳಿದ್ದರೆ ಅರ್ಥವಾಗದೆ ಕೇಳಿಯಾದರೂ ಕೇಳುತ್ತಿದ್ದೆ. ಕನ್ನಡದ ವಾಕ್ಯದೊಳಗೆ ಕೂತು ಬಂದ ಪದವಾದ್ದರಿಂದ ಕೇಳಬೇಕು ಎಂದೇ ಹೊಳೆಯಲಿಲ್ಲ.

ಕೆಂಪು ಸೈಕಲ್ಲು ಅಂಗಡಿಯ ಮೂಲೆಯಲ್ಲಿ ಇನ್ನೂ ಇತ್ತು. ನೀಲಿಯ ಚಕ್ರ, ಬ್ರೇಕು, ಗೇರುಗಳನ್ನು ಬಿಡಿಭಾಗಗಳಾಗಿ ಇಟ್ಟುಕೊಂಡು ಕೆಂಪನ್ನು ಬದಲಿಗೆ ಕೊಡಲು ರಂಗಸಾಮಿ ಒಪ್ಪಿದರು. ಆದರೆ ಗಂಟು ಇದ್ದದ್ದು ನನ್ನ ಕಡೆ. ಒಮ್ಮೆ ತಿರಸ್ಕರಿಸಿದ ವಸ್ತುವನ್ನು ಮತ್ತೆ ಸ್ವೀಕರಿಸಬೇಕಾದರೆ, ಹಿಂದಿನ ವರದಿ ಯಾಕೆ ತಪ್ಪಾಯಿತು ಎಂದು ಬರೆಯಲೇಬೇಕು. ಮುರಿದ ವಸ್ತುವಿಗೆ ಬೇರೆ ವರದಿ. ಅದರಲ್ಲಿ 'ರೂಟ್ ಕಾಸ್', ಅಂದರೆ ಮೂಲ ಕಾರಣ, ಎಂಬ ಕಲಂ. ಇಪ್ಪತ್ತೊಂಬತ್ತು ವರ್ಷ ಬೇರೆಯವರಿಂದ ಆ ಕಲಂ ತುಂಬಿಸಿದವನು ನಾನು.

ಸೆಲ್ವರಾಜ್ ನನ್ನ ಮೇಲಿನ ಪ್ರೀತಿಯಿಂದಲೇ ಒಂದು ಉಪಾಯ ಹೇಳಿದರು. "ಓಡಿಸಿದವರ ಅಜಾಗರೂಕತೆ ಎಂದು ಬರೆದುಬಿಡಿ ಸಾರ್. ಯಾರಿಗೂ ತೊಂದರೆ ಇಲ್ಲ." ಯಾರಿಗೂ ಇಲ್ಲ, ಒಬ್ಬಳಿಗೆ ಬಿಟ್ಟು. ಹಾಗೆ ಬರೆದರೆ ಕಂಪನಿಯ ಸೈಕಲ್ಲು ಮುರಿದವಳನ್ನು ಓಟಕ್ಕೆ ಕಳಿಸುತ್ತಿರಲಿಲ್ಲ. ಸುಳ್ಳು ಹೇಳಬಾರದು ಎಂಬ ದೊಡ್ಡ ಮಾತು ಆಗ ನನಗೆ ನೆನಪಾಯಿತು ಎಂದೇನೂ ಹೇಳಲಾರೆ. ಫಟೀಗ್, ಲೋಹದ ದಣಿವು ಎಂದು ಅರ್ಧ ಸತ್ಯ ಬರೆದು ಪಾರಾಗಬಹುದೇ ಎಂದು ನಾನೂ ಯೋಚಿಸಿದೆ. ಆದರೆ ಆಗ ಕೆಂಪಿನ ಮೇಲೆ ನಾನೇ ಹಾಕಿದ ತಿರಸ್ಕೃತ ಮುದ್ರೆ ಹಾಗೇ ಉಳಿಯುತ್ತಿತ್ತು. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಇಂಗ್ಲಿಷಿನಲ್ಲಿ ಬರೆದೆ: ಪರೀಕ್ಷಕನಿಗೆ ಎರಡು ಪದಗಳ ಅರ್ಥ ಗೊತ್ತಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದ. ಆ ಎರಡು ಪದಗಳನ್ನೂ ಎರಡೆರಡು ಅರ್ಥಗಳ ಸಮೇತ ಕೆಳಗೆ ಬರೆದೆ.

ಜನರಲ್ ಮ್ಯಾನೇಜರ್ ಕರೆಸಿದರು. ಅವರು ಇದೇ ಊರಿನ ತಮಿಳರು. ವರದಿಯನ್ನು ಎರಡು ಸಲ ಓದಿ, "ಲೇಸು ಅಂದರೆ ನಿಮ್ಮಲ್ಲಿ ನಿಜವಾಗಿ ಒಳ್ಳೆಯದಾ?" ಎಂದು ಕೇಳಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕು, ಸಹಿ ಹಾಕಿದರು. ಕಾರ್ಖಾನೆಯಲ್ಲಿ ಒಂದು ವಾರ ನಾನು ಕಂಡಲ್ಲೆಲ್ಲ ಜನ ನಗು ತಡೆಯಲು ಕೆಮ್ಮುತ್ತಿದ್ದರು. ಅನುಭವಿಸಿದೆ.

ಓಟದ ದಿನ ವೆಳ್ಳಕೋಯಿಲ್ ಪೇಟೆಯ ತಿರುವಿನಲ್ಲಿ ನಾನೂ ರಂಗಸಾಮಿಯೂ ನೀರಿನ ಬಾಟಲಿ ಹಿಡಿದು ನಿಂತಿದ್ದೆವು. ಪೈಪು ಹಾಕಲು ಅಲ್ಲಿ ರಸ್ತೆ ಅಗೆದು ಬರೀ ಜಲ್ಲಿ ಹರಡಿದ್ದರು. ಒಂಬತ್ತು ಜನ ಓಟಗಾರ್ತಿಯರಲ್ಲಿ ಇಬ್ಬರ ಟೈರು ಅಲ್ಲೇ ಕೈಕೊಟ್ಟವು. ಮುಂದಿದ್ದವರೂ ಇಳಿದು ಸೈಕಲ್ಲು ಎತ್ತಿಕೊಂಡು ನಡೆದರು. ಆರನೆಯವಳಾಗಿ ಬಂದ ಸೌಡೇಶ್ವರಿ ಮಾತ್ರ ಇಳಿಯಲಿಲ್ಲ. ಹನ್ನೆರಡು ಕಿಲೋ ತೂಕದ ಆ ಕೆಂಪು ಗಡಗಡ ಸದ್ದು ಮಾಡುತ್ತ ಜಲ್ಲಿಯ ಮೇಲೆ ನುಗ್ಗಿತು. ಪ್ರತಿ ಕುಲುಕಿಗೂ ನಾನು ಬೆಸುಗೆಗಳನ್ನೇ ನೋಡುತ್ತಿದ್ದೆ. "ಕೆಟ್ಟಿ! ಕೆಟ್ಟಿ!" ಎಂದು ರಂಗಸಾಮಿ ಕೂಗಿದರು. ನಾನೂ ಕೂಗಿದೆ.

ಕಾಂಗೇಯದಲ್ಲಿ ಅವಳು ಮೂರನೆಯವಳಾಗಿ ಗುರಿ ಮುಟ್ಟಿದಳು. ನಾಲ್ಕನೆಯವಳು ಹಿಂದೆಯೇ ಇದ್ದಳು, ಒಂದು ಲಾರಿಯ ಉದ್ದವೂ ಅಂತರವಿರಲಿಲ್ಲ.

ಈಗ ನಾನು ನಿವೃತ್ತ. ನಮ್ಮ ಕೆಲಸದಲ್ಲಿ ಯಾವ ಗೇಜನ್ನೂ ನೇರವಾಗಿ ನಂಬುವುದಿಲ್ಲ. ಮೊದಲು ಅಳತೆ ಗೊತ್ತಿರುವ ಒಂದು ತುಂಡಿನ ಮೇಲೆ ಅದನ್ನು ಇಟ್ಟು ಸರಿನೋಡುತ್ತೇವೆ. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತೇವೆ. ಲ್ಯಾಬಿನ ಎಲ್ಲ ಉಪಕರಣಗಳಿಗೂ ಅದನ್ನು ಮಾಡಿಸುತ್ತಿದ್ದ ನಾನು, ನನ್ನ ಕಿವಿಗೆ ಮಾಡಿಸಬೇಕೆಂದು ಕಲಿತದ್ದು ಆ ಕೆಂಪು ಸೈಕಲ್ಲಿನಿಂದ. ಆ ಪ್ರಕರಣದ ನಂತರ ನಾನು ಯಾರ ಕನ್ನಡವನ್ನೂ ತಿದ್ದಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಕಾಯಂ ಆದೇಶ ಕೈಗೆ ಬಂದ ದಿನ ಸೌಡೇಶ್ವರಿ ಸೋದರಮಾವನನ್ನು ಕರೆದುಕೊಂಡು ಲ್ಯಾಬಿಗೆ ಬಂದಳು. ನಾನು ಒಳಗಿನ ಕೋಣೆಯಲ್ಲಿದ್ದೆ. ಬಾಗಿಲಾಚೆ ಅವಳು ಹೇಳುವುದು ಕೇಳಿಸಿತು: "ಸಾರ್ ರೊಂಬ ಕೆಟ್ಟಿ ಮಾವ."

ಒಂದು ಕ್ಷಣ ನನ್ನ ಕಿವಿಗೆ ದಾವಣಗೆರೆಯ ಅರ್ಥವೇ ಕೇಳಿಸಿತು. ಆಮೇಲೆ ಡೈರಿ ಕೈಗೆತ್ತಿಕೊಂಡು ಹೊರಗೆ ಬಂದು, "ಕೆಟ್ಟಿ ಅಂದರೆ ನಿಮ್ಮ ಲೆಕ್ಕದಲ್ಲೋ, ನಮ್ಮ ಲೆಕ್ಕದಲ್ಲೋ?" ಎಂದು ಕೇಳಿದೆ.

"ನಮ್ಮ ಲೆಕ್ಕದಲ್ಲೇ ಸಾರ್," ಎಂದಳು.

ಅದನ್ನೂ ಬರೆದುಕೊಂಡೆ, ಅರ್ಥದ ಸಮೇತ.